ಸ್ವಯಂಸೇವಕರ ತಂತ್ರಾಂಶ ಬಳಗಕ್ಕೊಂದು ಜಾಲಪತ್ರಿಕೆ: ಗಂಟೆಯ ಲೆಕ್ಕದಿಂದ ವರ್ಷದ ಹಸ್ತಾಂತರದವರೆಗೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಮುಕ್ತ ತಂತ್ರಾಂಶ (ಕೋಡನ್ನು ಯಾರಾದರೂ ನೋಡಿ, ಬದಲಿಸಿ, ಹಂಚಬಹುದಾದ ತಂತ್ರಾಂಶ) ಬಳಗದವರು ‘ನಮ್ಮದೂ ಒಂದು ಪತ್ರಿಕೆ ಇರಲಿ’ ಎಂದು ಕೂತರೆ ಮೊದಲ ಚರ್ಚೆ ತಾಣ ಕಟ್ಟುವ ಸಾಧನ ವರ್ಡ್‌ಪ್ರೆಸ್ಸೋ ಹ್ಯೂಗೋ ಎಂಬುದರ ಮೇಲೆಯೇ ಹೋಗುತ್ತದೆ. ಆ ಪ್ರಶ್ನೆ ಒಂದು ವಾರ ಕಾಯಲಿ. ತಾಣ ಕಟ್ಟುವ ಕೆಲಸ ಒಂದು ಭಾನುವಾರದಲ್ಲಿ ಮುಗಿಯುತ್ತದೆ. ಲೇಖನ ತರಿಸುವುದು, ಅದರಲ್ಲಿರುವ ಕಮಾಂಡುಗಳನ್ನು (ಕಂಪ್ಯೂಟರಿಗೆ ಟೈಪಿಸಿ ಕೊಡುವ ಆಜ್ಞೆಗಳು) ಓಡಿಸಿ ನೋಡುವುದು, ಭಾಷೆ ತಿದ್ದುವುದು, ಹೇಳಿದ ದಿನಕ್ಕೆ ಹೊರಡಿಸುವುದು ಮಾತ್ರ ಪತ್ರಿಕೆ ಇರುವಷ್ಟು ದಿನವೂ ಇರುವ ಕೆಲಸ. ಅದನ್ನು ಸಂಬಳವಿಲ್ಲದ ನಾಲ್ಕೈದು ಜನ ಮಳೆ, ಕರೆಂಟು, ಪರೀಕ್ಷೆ, ಕೊಯ್ಲುಗಳ ನಡುವೆ ಮಾಡಬೇಕು. ಯಾರೇ ಒಬ್ಬರು ಹದಿನೈದು ದಿನ ಸಿಗದಿದ್ದರೂ ಲೇಖನ ಮುಂದೆ ಸಾಗುವ ಹಾಗೆ ಏರ್ಪಾಟು ಮಾಡಿಕೊಳ್ಳುವುದೇ ಇಲ್ಲಿ ಮುಖ್ಯ.

ಮೊದಲು ಗಂಟೆಗಳನ್ನು ಎಣಿಸಿ

ಸಾವಿರ ಪದದ ‘ಹೀಗೆ ಮಾಡಿ’ ಲೇಖನವೊಂದಕ್ಕೆ, ಬರೆಯುವವರ ಶ್ರಮವನ್ನು ಬಿಟ್ಟು, ಪತ್ರಿಕೆಯ ಕಡೆಯಿಂದ ಹೀಗೆ ಅಂದಾಜು ಇಟ್ಟುಕೊಳ್ಳಿ: ಹಂತಗಳನ್ನು ಹೊಸದಾಗಿ ಸಜ್ಜುಮಾಡಿದ ಕಂಪ್ಯೂಟರಿನಲ್ಲಿ ಮಾಡಿ ನೋಡಲು 2 ಗಂಟೆ, ಸಂಪಾದನೆಗೆ 3, ಕರಡು ತಿದ್ದಿ ಪುಟಕ್ಕೇರಿಸಲು 1. ಒಟ್ಟು 6 ಗಂಟೆ. ತಿಂಗಳಿಗೆ ಎರಡು ಲೇಖನವಾದರೆ 12 ಗಂಟೆ. ನಾಲ್ವರಿದ್ದರೆ ತಲೆಗೆ ಮೂರು ಗಂಟೆ. ಇದು ಕೆಲಸಕ್ಕೆ ಹೋಗುವವರಿಗೂ ಓದುವ ಮಕ್ಕಳಿಗೂ ಆಗುವ ಮಾತು. ಅದೇ ವಾರಕ್ಕೆರಡು ಎಂದು ಉತ್ಸಾಹದಲ್ಲಿ ಘೋಷಿಸಿದರೆ ತಲೆಗೆ 12 ಗಂಟೆ ಬೀಳುತ್ತದೆ. ಅದನ್ನು ಎರಡು ತಿಂಗಳು ಎಳೆಯಬಹುದು, ಅಷ್ಟೇ.

ಹಾಗಾಗಿ ಹದಿನೈದು ದಿನಕ್ಕೊಂದು ಲೇಖನ ಎಂದು ಶುರು ಮಾಡಿ. ಉಬುಂಟು (ಲಿನಕ್ಸ್ ಬಗೆಯ ಮುಕ್ತ ಕಾರ್ಯಾಚರಣಾ ವ್ಯವಸ್ಥೆ) ಬಳಕೆದಾರರು 2007ರಿಂದ ನಡೆಸಿಕೊಂಡು ಬಂದ ಫುಲ್ ಸರ್ಕಲ್ ಪತ್ರಿಕೆಯಂತೆ ತಿಂಗಳಿಗೊಂದು ಇಡೀ ಸಂಚಿಕೆ ಹೊರಡಿಸುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಸಂಚಿಕೆಯ ವೇಗವನ್ನು ಅದರಲ್ಲಿರುವ ಅತಿ ನಿಧಾನದ ಲೇಖನ ತೀರ್ಮಾನಿಸುತ್ತದೆ. ಐದು ಲೇಖನ ಸಿದ್ಧವಿದ್ದು ಆರನೆಯದಕ್ಕೆ ಚಿತ್ರ ಬಂದಿಲ್ಲವೆಂದರೆ ಐದೂ ಕೂತಿರುತ್ತವೆ, ಆ ಐವರು ಬರಹಗಾರರ ಹುರುಪೂ ಕೂತುಬಿಡುತ್ತದೆ. ಬಿಡಿಬಿಡಿಯಾಗಿ ಹೊರಡಿಸಿ, ಮೂರು ತಿಂಗಳಿಗೊಮ್ಮೆ ಆ ಆರನ್ನು ಕಟ್ಟಿ ಸಂಚಿಕೆ ಮಾಡಿ.

ಮೊದಲ ಲೇಖನ ಬೆಳಕು ಕಾಣುವ ದಿನ ಇನ್ನೂ ಆರು ಲೇಖನ ಪೂರ್ತಿ ಸಿದ್ಧವಾಗಿ ಕೈಯಲ್ಲಿರಬೇಕು. ‘ಬರೆದುಕೊಡುತ್ತೇನೆ’ ಎಂದವರ ಪಟ್ಟಿಯನ್ನು ಇದರಲ್ಲಿ ಎಣಿಸಬೇಡಿ. ಪರೀಕ್ಷೆ, ತಿದ್ದುಪಡಿ ಎಲ್ಲ ಮುಗಿದು ಗುಂಡಿ ಒತ್ತುವುದಷ್ಟೇ ಬಾಕಿ ಇರುವುದನ್ನು ಮಾತ್ರ ಎಣಿಸಿ. ಮಲೆನಾಡಿನಲ್ಲಿ ಈ ದಾಸ್ತಾನು ಬೇಕೇ ಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಹೊಸನಗರ, ಆಗುಂಬೆ ಕಡೆ ಮರ ಬಿದ್ದು ಲೈನ್ ಹೋದರೆ ಕರೆಂಟು ಯಾವಾಗ ಬರುತ್ತದೆಂದು ಹೇಳಲಾಗದು, ಹಿಂದೆಯೇ ಟವರೂ ಮಲಗುತ್ತದೆ. ಮಳೆ ಒಂದು ದಿನ ಬಿಡುವು ಕೊಟ್ಟರೆ ಅಡಿಕೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆಸಬೇಕು, ಅವತ್ತು ಯಾರೂ ಕಂಪ್ಯೂಟರ್ ಮುಂದೆ ಕೂರುವುದಿಲ್ಲ. ದೀಪಾವಳಿ ಕಳೆದರೆ ಕೊಯ್ಲು, ಸುಲಿತ, ಒಣಗಿಸುವುದು. ಆರು ಲೇಖನ ಎಂದರೆ ಮೂರು ತಿಂಗಳ ಬದುಕು. ಒಂದು ಮಳೆಗಾಲ ದಾಟುವಷ್ಟು. ಪತ್ರಿಕೆಯನ್ನು ಫೆಬ್ರುವರಿ-ಮಾರ್ಚ್‌ನಲ್ಲಿ ಶುರು ಮಾಡಿದರೆ ಮಳೆ ಹಿಡಿಯುವ ಹೊತ್ತಿಗೆ ಕೈ ಪಳಗಿರುತ್ತದೆ.

ನಾಲ್ಕು ಕೆಲಸ, ಪ್ರತಿ ಕೆಲಸಕ್ಕೂ ಇಬ್ಬರು

ಸಂಪಾದಕರು ಲೇಖನ ಕೇಳಿ ತರಿಸುತ್ತಾರೆ, ಬೇಡದ್ದಕ್ಕೆ ಬೇಡ ಎನ್ನುತ್ತಾರೆ. ತಾಂತ್ರಿಕ ಪರೀಕ್ಷಕರು ಬರೆದದ್ದನ್ನು ಮಾಡಿ ನೋಡುತ್ತಾರೆ. ಕರಡು ತಿದ್ದುವವರು ಭಾಷೆ ನೋಡುತ್ತಾರೆ. ಪ್ರಕಾಶನ ನೋಡಿಕೊಳ್ಳುವವರು ಪುಟಕ್ಕೇರಿಸುತ್ತಾರೆ. ಒಬ್ಬರೇ ಎರಡು ಕೆಲಸ ಹಿಡಿಯಬಹುದು, ಆದರೆ ಒಂದೇ ಲೇಖನಕ್ಕೆ ಬರೆದವರೂ ಪರೀಕ್ಷಿಸಿದವರೂ ಒಬ್ಬರೇ ಆಗಿರಬಾರದು. ಪ್ರತಿ ಕೆಲಸಕ್ಕೂ ಜೋಡಿ ಇರಲಿ, ಜೋಡಿಯಲ್ಲಿ ಒಬ್ಬರು ಪೇಟೆಯಲ್ಲಿ ಇರಲಿ. ಇಬ್ಬರೂ ಒಂದೇ ಟವರ್ ನಂಬಿದವರಾದರೆ ಜೋಡಿ ಇದ್ದೂ ಇಲ್ಲದಂತೆ.

ಎಲ್ಲಕ್ಕಿಂತ ಕಷ್ಟದ್ದು ಪರೀಕ್ಷಕರು ಸಿಗುವುದು. ಬರೆಯಲು ಜನ ಬರುತ್ತಾರೆ, ಬರೆದವರ ಹೆಸರು ಕಾಣುತ್ತದೆ. ಪರೀಕ್ಷಿಸಿದವರ ಹೆಸರನ್ನೂ ಲೇಖನದ ತಲೆಯಲ್ಲಿ, ಅದೇ ಅಕ್ಷರದ ಗಾತ್ರದಲ್ಲಿ ಹಾಕಿ. ಎಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ಈ ಕೆಲಸಕ್ಕೆ ಬಹಳ ಒಳ್ಳೆಯವರು: ಹೊಸ ಯಂತ್ರ ಕಟ್ಟುವುದು ಅವರಿಗೆ ಬೇಸರದ ಕೆಲಸವಲ್ಲ, ಮತ್ತು ಲೇಖನದಲ್ಲಿ ಬಿಟ್ಟುಹೋದ ಹಂತ ಅವರಿಗೇ ಮೊದಲು ಕಾಣುತ್ತದೆ.

ಹೆಸರು ಮತ್ತು ಪರವಾನಗಿ

ಪತ್ರಿಕೆಯ ಹೆಸರಿನಲ್ಲಿ ಉಬುಂಟು, ಫೆಡೋರಾ, ಫೈರ್‌ಫಾಕ್ಸ್ ಎಂಬಂಥ ಹೆಸರು ಸೇರಿಸುವ ಮುಂಚೆ ಆ ಯೋಜನೆಯ ಟ್ರೇಡ್‌ಮಾರ್ಕ್ ನಿಯಮ ಓದಿ. ತಂತ್ರಾಂಶದ ಕೋಡ್ ಮುಕ್ತವಾಗಿದ್ದ ಮಾತ್ರಕ್ಕೆ ಹೆಸರು, ಲಾಂಛನ ಮುಕ್ತವಲ್ಲ.

ಬರಹಗಳಿಗೆ ಕ್ರಿಯೇಟಿವ್ ಕಾಮನ್ಸ್‌ನ ಬಿವೈ-ಎಸ್‌ಎ 4.0 ಪರವಾನಗಿ (ಬರೆದವರ ಹೆಸರು ಹೇಳಿ, ಅದೇ ಪರವಾನಗಿಯಲ್ಲಿ ಯಾರಾದರೂ ಹಂಚಬಹುದು) ಇಡಿ. ವಿಕಿಪೀಡಿಯ 2023ರಿಂದ ಇದೇ 4.0 ಬಳಸುತ್ತಿದೆ, ಹಾಗಾಗಿ ನಿಮ್ಮ ಬರಹ ಕನ್ನಡ ವಿಕಿಗೂ ಹೋಗಬಹುದು. ‘ವಾಣಿಜ್ಯ ಬಳಕೆ ಕೂಡದು’ ಎಂಬ ಷರತ್ತು ಸೇರಿಸುವ ಆಸೆ ಹುಟ್ಟುತ್ತದೆ, ಸೇರಿಸಬೇಡಿ: ಆಗ ವಿಕಿಗೂ ಹೋಗದು, ಊರಿನ ದಿನಪತ್ರಿಕೆಯವರು ಮರುಮುದ್ರಿಸಲೂ ಆಗದು. ಲೇಖನದೊಳಗಿನ ಕೋಡ್ ತುಣುಕುಗಳಿಗೆ ಎಂಐಟಿಯಂಥ ತಂತ್ರಾಂಶ ಪರವಾನಗಿಯನ್ನು ಬೇರೆಯಾಗಿ ಹೇಳಿ. ಕ್ರಿಯೇಟಿವ್ ಕಾಮನ್ಸ್‌ನವರೇ ತಮ್ಮ ಪರವಾನಗಿಗಳನ್ನು ತಂತ್ರಾಂಶಕ್ಕೆ ಬಳಸಬೇಡಿ ಎನ್ನುತ್ತಾರೆ. ಹಕ್ಕುಸ್ವಾಮ್ಯ ಬರೆದವರದ್ದೇ. ಒಪ್ಪಿಗೆಯನ್ನು ಮೊದಲ ಲೇಖನಕ್ಕೇ ಬರಹದಲ್ಲಿ ಪಡೆಯಿರಿ, ಐವತ್ತು ಲೇಖನವಾದ ಮೇಲೆ ಹುಡುಕಿಕೊಂಡು ಹೋಗಲು ಸಾಧ್ಯವಿಲ್ಲ.

ತಾಣ

ಹ್ಯೂಗೋ ಅಥವಾ ಜೆಕಿಲ್‌ನಂಥ ಸ್ಥಿರ ತಾಣ (ಮೊದಲೇ ಕಟ್ಟಿಟ್ಟ ಪುಟಗಳನ್ನಷ್ಟೇ ತೋರಿಸುವ ತಾಣ) ಕಟ್ಟುವ ಸಾಧನವನ್ನೇ ನಾವು ಶಿಫಾರಸು ಮಾಡುತ್ತೇವೆ. ಡೇಟಾಬೇಸ್ ಇಲ್ಲ, ಪ್ಲಗಿನ್ ಹಳತಾಗಿ ತಾಣ ಒಡೆಸಿಕೊಳ್ಳುವ ಭಯ ಕಡಿಮೆ, ಎರಡು ತಿಂಗಳು ಯಾರೂ ಮುಟ್ಟದಿದ್ದರೂ ನಿಂತಿರುತ್ತದೆ. ಗಿಟ್‌ಹಬ್ ಪೇಜಸ್, ಗಿಟ್‌ಲ್ಯಾಬ್ ಪೇಜಸ್, ಕೋಡ್‌ಬರ್ಗ್ ಪೇಜಸ್ ಮೂರರಲ್ಲೂ ಖರ್ಚಿಲ್ಲದೆ ಇಡಬಹುದು. ದುಡ್ಡು ಬೇಕಾಗುವುದು ಡೊಮೈನ್ ಹೆಸರಿಗೆ ಮಾತ್ರ.

ಬರಹಗಾರರಿಗೆ ಗಿಟ್ (ಕಡತಗಳ ಪ್ರತಿ ಬದಲಾವಣೆಯ ದಾಖಲೆ ಇಡುವ ಸಾಧನ) ಕಲಿಯಿರಿ ಎಂದು ಷರತ್ತು ಹಾಕಬೇಡಿ. ಅಡಿಕೆ ಲೆಕ್ಕವನ್ನು ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಇಡುವ ಬಗೆಯನ್ನು ಸೊಗಸಾಗಿ ಬರೆಯಬಲ್ಲವರು ಪುಲ್ ರಿಕ್ವೆಸ್ಟ್ (ಗಿಟ್ ಮೂಲಕ ಬದಲಾವಣೆ ಸೇರಿಸಲು ಕೇಳುವ ಕೋರಿಕೆ) ಎಂದರೆ ಹಿಂದೆ ಸರಿಯುತ್ತಾರೆ. ಅವರು ಹೇಗೆ ಕಳಿಸಿದರೂ ತೆಗೆದುಕೊಳ್ಳಿ. ಅದನ್ನು ಮಾರ್ಕ್‌ಡೌನ್ ಎಂಬ ಸಾದಾ ಪಠ್ಯದ ರೂಪಕ್ಕೆ ತರುವುದು ಪ್ರಕಾಶನ ನೋಡಿಕೊಳ್ಳುವವರ ಕೆಲಸ.

ಗಿಟ್‌ಹಬ್ ಪೇಜಸ್‌ನಲ್ಲಿ ತಾಣದ ಗಾತ್ರಕ್ಕೆ 1 ಜಿಬಿ ಮಿತಿ ಇದೆ. ಫೋನಿನಲ್ಲಿ ತೆಗೆದ 5 ಎಂಬಿಯ ಇನ್ನೂರು ಫೋಟೋ ಹಾಗೆಯೇ ಏರಿಸಿದರೆ ಅದು ಮುಗಿಯಿತು. ಆಮೇಲೆ ಅಳಿಸಿದರೂ ಗಿಟ್‌ನ ಇತಿಹಾಸದಲ್ಲಿ ಅವು ಉಳಿದು ಭಂಡಾರ (ಪತ್ರಿಕೆಯ ಕಡತಗಳೆಲ್ಲ ಇರುವ ಜಾಗ) ಭಾರವಾಗಿಯೇ ಇರುತ್ತದೆ. ಚಿತ್ರಗಳನ್ನು ಏರಿಸುವ ಮುಂಚೆಯೇ 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ, ವೆಬ್‌ಪಿ ಎಂಬ ಹಗುರ ಚಿತ್ರರೂಪ ಮಾಡಿ, 200 ಕೆಬಿಯೊಳಗೆ ತನ್ನಿ. ಅದೇ ಹೊತ್ತಿಗೆ ಫೋಟೋದೊಳಗಿನ ಎಕ್ಸಿಫ್ ಮಾಹಿತಿಯನ್ನೂ ಕಿತ್ತುಹಾಕಿ, ಅದರಲ್ಲಿ ತೆಗೆದ ಜಾಗದ ಜಿಪಿಎಸ್ ಗುರುತು ಇರುವುದುಂಟು.

ವಿಳಾಸದ ಕೊಂಡಿಯಲ್ಲಿ ಕನ್ನಡ ಅಕ್ಷರ ಬೇಡ. ‘ಕನ್ನಡ’ ಎಂಬ ಪದ ಯೂನಿಕೋಡ್‌ನಲ್ಲಿ (ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಏರ್ಪಾಟು) 5 ಸಂಕೇತ, ಅದನ್ನು ಕಡತದಲ್ಲಿ ಇಡುವ ಯುಟಿಎಫ್-8 ರೂಪದಲ್ಲಿ 15 ಬೈಟ್. ಕೊಂಡಿಯನ್ನು ನಕಲು ಮಾಡಿ ಅಂಟಿಸಿದಾಗ ಪ್ರತಿ ಬೈಟ್ ಮೂರು ಅಕ್ಷರವಾಗಿ ಬಿಚ್ಚಿಕೊಂಡು ಒಟ್ಟು 45 ಅಕ್ಷರದ ಶೇಕಡಾ ಚಿಹ್ನೆಗಳ ಸಾಲಾಗುತ್ತದೆ. ವಾಟ್ಸಾಪ್‌ನಲ್ಲಿ ಅಂಥ ಉದ್ದನೆಯ ಕೊಂಡಿ ಕಂಡವರು ಮೋಸದ ಕೊಂಡಿಯೆಂದು ಮುಟ್ಟುವುದೇ ಇಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಮೂರ್ನಾಲ್ಕು ಪದದ ಕೊಂಡಿ ಇಡಿ, ಒಮ್ಮೆ ಇಟ್ಟದ್ದನ್ನು ಬದಲಿಸಬೇಡಿ.

ಅಕ್ಷರದ ಕೆಲಸ

ಕನ್ನಡ ಪತ್ರಿಕೆಗೆ ಇದು ಅರ್ಧ ಶ್ರಮ. ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ.

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಕಡತಗಳು ಈಗಲೂ ಬರುತ್ತವೆ. ಅವುಗಳಲ್ಲಿ ಕನ್ನಡ ಅಕ್ಷರದ ಚೂರುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಪರಿವರ್ತಕಕ್ಕೆ ಹಾಕಿದರೆ ಕನ್ನಡವೇನೋ ಯೂನಿಕೋಡ್ ಆಗುತ್ತದೆ, ಆದರೆ ನಡುವೆ ಇದ್ದ ಇಂಗ್ಲಿಷ್ ಕಮಾಂಡುಗಳನ್ನೂ ಅದು ಕನ್ನಡದ ಚೂರುಗಳೆಂದೇ ತಿಳಿದು ಕಲಸಿಬಿಡುತ್ತದೆ. ತಂತ್ರಾಂಶದ ಪತ್ರಿಕೆಗೆ ಇದಕ್ಕಿಂತ ದೊಡ್ಡ ಅಪಾಯವಿಲ್ಲ. ಅಂಥ ಕಡತ ಬಂದರೆ ಕಮಾಂಡುಗಳನ್ನು ಮೊದಲು ಬೇರೆ ಕಡತಕ್ಕೆ ಎತ್ತಿಟ್ಟು, ಅವುಗಳ ಜಾಗದಲ್ಲಿ ಅಂಕಿ ಹಾಕಿ, ಪರಿವರ್ತಿಸಿದ ಮೇಲೆ ವಾಪಸು ಕೂರಿಸಿ. ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ: ಹಳೆಯ ಫಾಂಟಿನಲ್ಲಿ ಅದು ಅಕ್ಷರ ಆದ ಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ಅಕ್ಷರಕ್ಕಿಂತ ಮೊದಲು.

ವರ್ಡ್ ಪ್ರೊಸೆಸರ್ ಮಾಡುವ ಇನ್ನೊಂದು ಅನಾಹುತ ಕಣ್ಣಿಗೆ ಬೀಳುವುದೇ ಇಲ್ಲ. ಕಮಾಂಡಿನಲ್ಲಿರುವ ಎರಡು ಅಡ್ಡಗೆರೆಗಳನ್ನು ಅದು ತಾನಾಗಿಯೇ ಒಂದು ಉದ್ದಗೆರೆ ಮಾಡುತ್ತದೆ, ನೇರ ಉದ್ಧರಣ ಚಿಹ್ನೆಯನ್ನು ಬಾಗಿಸುತ್ತದೆ. ಪುಟದಲ್ಲಿ ಅಂದವಾಗಿ ಕಾಣುತ್ತದೆ, ಓದುಗರ ಟರ್ಮಿನಲ್‌ನಲ್ಲಿ ದೋಷ ಬರುತ್ತದೆ. ಆದ್ದರಿಂದ ಕಮಾಂಡುಗಳನ್ನು ಸಾದಾ ಪಠ್ಯದ ಕಡತದಲ್ಲಿ ಬೇರೆಯಾಗಿ ಕಳಿಸಿ ಎಂದು ಬರಹಗಾರರಿಗೆ ಮೊದಲೇ ಹೇಳಿ.

ಪ್ರತಿ ಲೇಖನದಲ್ಲೂ ನೋಡಬೇಕಾದ ಮೂರು ದೋಷಗಳಿವೆ. ‘ಕ೦ಪ್ಯೂಟರ್’ ಎಂದು ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿ ಬಿದ್ದಿರುವುದು ಮೊದಲನೆಯದು. ಕಣ್ಣಿಗೆ ಒಂದೇ, ಹುಡುಕಿದರೆ ಸಿಗದು. ‘ಸಾಫ್ಟ್‌ವೇರ್’ ಎಂಬುದು ‘ಸಾಫ್ಟ್ವೇರ್’ ಆಗಿರುವುದು ಎರಡನೆಯದು. ಒತ್ತಕ್ಷರವನ್ನು ತಡೆಯುವ, ಕಣ್ಣಿಗೆ ಕಾಣದ ಸಂಕೇತವೊಂದು ಅಲ್ಲಿರಬೇಕು. ಪಠ್ಯ ಶುಚಿ ಮಾಡುವ ಕೆಲವು ಸ್ಕ್ರಿಪ್ಟುಗಳು ಅದನ್ನು ಕಸವೆಂದು ಗುಡಿಸಿಬಿಡುತ್ತವೆ. ಮೂರನೆಯದು ಸ್ವರಚಿಹ್ನೆಯದು. ‘ಕೊ’ ಬರೆಯಲು ಒಂದೇ ಸಂಕೇತ ಬಳಸಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತ ಜೋಡಿಸಿಯೂ ಬರೆಯಬಹುದು. ಎರಡೂ ಒಂದೇ ರೀತಿ ಕಾಣುವುದರಿಂದ ಯಾರಿಗೂ ತಿಳಿಯುವುದಿಲ್ಲ, ತಾಣದ ಹುಡುಕಾಟ ಮಾತ್ರ ಒಂದನ್ನು ಕಂಡು ಇನ್ನೊಂದನ್ನು ಬಿಡುತ್ತದೆ. ಇಡೀ ಪಠ್ಯವನ್ನು ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ (ಇಂಥ ಜೋಡಿ ಸಂಕೇತಗಳನ್ನು ಒಂದಾಗಿಸಿದ ರೂಪ) ತಂದರೆ ಇದು ಸರಿಹೋಗುತ್ತದೆ. ಪೈಥಾನ್‌ನಲ್ಲಿ ಹತ್ತು ಸಾಲಿನ ಸ್ಕ್ರಿಪ್ಟ್ ಬರೆದು ಲೇಖನ ಏರುವಾಗಲೇ ಓಡುವಂತೆ ಇಟ್ಟುಬಿಡಿ.

ಫಾಂಟ್‌ಗೆ ನೋಟೋ ಸಾನ್ಸ್ ಕನ್ನಡ ಅಥವಾ ನೋಟೋ ಸೆರಿಫ್ ಕನ್ನಡ ಸಾಕು. ಎರಡೂ ಮುಕ್ತ ಪರವಾನಗಿಯವು. ಸಾಮಾನ್ಯ, ದಪ್ಪ ಎರಡೇ ಬಗೆ ಹಾಕಿ, ಒಂದೊಂದು ಬಗೆಯೂ ಒಂದೊಂದು ಕಡತ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.7ರಷ್ಟು ಇಡಿ. ಇಂಗ್ಲಿಷ್‌ಗೆ ಹೊಲಿದ ಥೀಮಿನ (ತಾಣದ ಸಿದ್ಧ ವಿನ್ಯಾಸ) 1.4ರಲ್ಲಿ ‘ರಾಷ್ಟ್ರೀಯ’ ಎಂಬ ಪದದ ಕೆಳಗಿನ ಒತ್ತುಗಳು ಮುಂದಿನ ಸಾಲಿನ ತಲೆಗೆ ತಾಗುತ್ತವೆ. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಸೂಚನೆ ಥೀಮಿನಲ್ಲಿದ್ದರೆ ತೆಗೆಯಿರಿ. ಓರೆ ಅಕ್ಷರವನ್ನೂ ತೆಗೆಯಿರಿ, ಕನ್ನಡದಲ್ಲಿ ಅದು ಬ್ರೌಸರ್ ಬಲವಂತವಾಗಿ ಬಾಗಿಸಿದ್ದು. ಪುಟದ ಭಾಷೆ ಕನ್ನಡ ಎಂದು ಎಚ್‌ಟಿಎಂಎಲ್‌ನಲ್ಲಿ ನಮೂದಿಸಲು ಮರೆಯಬೇಡಿ: ಎನ್‌ವಿಡಿಎಯಂಥ ಪರದೆ ಓದುವ ತಂತ್ರಾಂಶ ಆ ಗುರುತು ನೋಡಿಯೇ ಕನ್ನಡದ ದನಿಗೆ ಬದಲಾಗುತ್ತದೆ.

ಪಾರಿಭಾಷಿಕ ಪದಗಳಿಗೆ ಮೊದಲ ದಿನವೇ ಒಂದು ಪಟ್ಟಿ ಮಾಡಿ. ಲ್ಯಾಬಿನಲ್ಲಿ ಎಲ್ಲರೂ ‘ಇನ್‌ಸ್ಟಾಲ್ ಮಾಡು’ ಎನ್ನುವಾಗ ಪತ್ರಿಕೆ ‘ಅನುಸ್ಥಾಪಿಸು’ ಎಂದರೆ ಓದುಗರು ಒಂದು ಕ್ಷಣ ನಿಲ್ಲುತ್ತಾರೆ. ‘ಕಡತ’, ‘ಜಾಲತಾಣ’ ಈಗ ಬಾಯಿಗೆ ಬಂದಿವೆ, ಧಾರಾಳವಾಗಿ ಬಳಸಿ. ಒಂದು ಪದದ ಬಗ್ಗೆ ಮಾತ್ರ ಹಟ ಹಿಡಿಯಿರಿ: ‘ಉಚಿತ ತಂತ್ರಾಂಶ’ ಬೇಡ, ‘ಸ್ವತಂತ್ರ’ ಅಥವಾ ‘ಮುಕ್ತ’ ಎನ್ನಿ. ದುಡ್ಡು ಕೊಡಬೇಕಿಲ್ಲ ಎಂಬುದಕ್ಕೂ ಕೋಡನ್ನು ನೋಡಿ, ಬದಲಿಸಿ, ಹಂಚುವ ಹಕ್ಕಿದೆ ಎಂಬುದಕ್ಕೂ ಇರುವ ಅಂತರವೇ ಈ ಬಳಗಗಳ ಬುಡ.

ಲೇಖನ ಸಾಗುವ ದಾರಿ

ಬರಹಗಾರರಿಂದ ಮೊದಲು ಐದು ಸಾಲು ಕೇಳಿ: ಯಾರಿಗಾಗಿ, ಏನು ಮಾಡಿಸುತ್ತೀರಿ, ಯಾವ ಆವೃತ್ತಿಯಲ್ಲಿ, ಓದುಗರ ಬಳಿ ಮೊದಲೇ ಏನಿರಬೇಕು, ಕೊನೆಗೆ ಅವರ ಪರದೆಯ ಮೇಲೆ ಏನು ಕಾಣಬೇಕು. ಒಪ್ಪಿಗೆಯೋ ಬೇಡವೋ ಮೂರು ದಿನದೊಳಗೆ ಹೇಳಿ. ವಿಷಯಕ್ಕೆ ಬರವಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಶಾಲೆಗಳ ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕುವುದೇ ನಾಲ್ಕು ಲೇಖನದ ಸರಕು. ಎಲ್ಲರೂ ಸೇರಿ ಕಟ್ಟುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಗೆ ಊರಿನ ಕಾಲುದಾರಿ, ಕೆರೆ ಸೇರಿಸುವುದು. ಹಳೆಯ ಸ್ಮರಣ ಸಂಚಿಕೆಗಳನ್ನು ಚಿತ್ರದಲ್ಲಿನ ಅಕ್ಷರ ಗುರುತಿಸುವ ಟೆಸರಾಕ್ಟ್‌ನಿಂದ ಪಠ್ಯವಾಗಿಸುವುದು. ತಂತ್ರಾಂಶದ ಮೆನುಗಳನ್ನು ಕನ್ನಡಕ್ಕೆ ತರುವುದು.

ಪರೀಕ್ಷೆಯನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿದ ವರ್ಚುವಲ್ ಯಂತ್ರದಲ್ಲಿ (ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ಕಟ್ಟಿದ ಇನ್ನೊಂದು ಕಂಪ್ಯೂಟರ್) ಮಾಡಿ. ಉಬುಂಟು 24.04ಕ್ಕೆ 4 ಜಿಬಿ ಮೆಮೊರಿ, 25 ಜಿಬಿ ಡಿಸ್ಕ್ ಕೊಟ್ಟರೆ ಸಾಕು. ಬರಹಗಾರರ ಯಂತ್ರದಲ್ಲಿ ವರ್ಷದಿಂದ ಸೇರಿಕೊಂಡ ಪ್ಯಾಕೇಜುಗಳು ಇರುತ್ತವೆ, ಅವರಿಗೆ ಕಾಣದ ಹಂತ ಅಲ್ಲಿಯೇ ಅಡಗಿರುತ್ತದೆ.

ಪರೀಕ್ಷೆ ಏಕೆ ಇಷ್ಟು ಮುಖ್ಯ ಎಂಬುದಕ್ಕೆ ಒಂದೇ ಸಾಲು ನೋಡಿ. ಪೆನ್‌ಡ್ರೈವ್‌ಗೆ ಲಿನಕ್ಸ್ ಬರೆಯಲು ‘ಡಿಡಿ’ ಕಮಾಂಡ್ ಕೊಡುವ ಲೇಖನ ಬಂದಿದೆ, ಗುರಿಯಾಗಿ ‘ಎಸ್‌ಡಿಎ’ ಎಂದಿದೆ ಎನ್ನಿ. ಬರೆದವರದ್ದು ಹೊಸ ಲ್ಯಾಪ್‌ಟಾಪ್. ಒಳಗಿನ ಡಿಸ್ಕ್ ಎನ್‌ವಿಎಂಇ ಎಂಬ ಬೇರೆ ಹೆಸರಿನಲ್ಲಿ ಕಾಣುತ್ತದೆ, ಆದ್ದರಿಂದ ಪೆನ್‌ಡ್ರೈವ್‌ಗೆ ‘ಎಸ್‌ಡಿಎ’ ಎಂಬ ಹೆಸರು ಸಿಕ್ಕಿದೆ. ಅವರ ಪಾಲಿಗೆ ಕಮಾಂಡ್ ಸರಿ. ಓದುಗರದ್ದು ಸಾಟಾ ಡಿಸ್ಕ್ ಇರುವ ಹಳೆಯ ಯಂತ್ರ; ಅಲ್ಲಿ ‘ಎಸ್‌ಡಿಎ’ ಎಂದರೆ ಮಕ್ಕಳ ಫೋಟೋ, ಮನೆಯ ಲೆಕ್ಕ ಎಲ್ಲ ಇರುವ ಒಳಗಿನ ಡಿಸ್ಕ್. ‘ಡಿಡಿ’ ಏನನ್ನೂ ಕೇಳುವುದಿಲ್ಲ, ಬರೆದುಬಿಡುತ್ತದೆ. ತಿದ್ದುವುದು ಹೀಗೆ: ಪೆನ್‌ಡ್ರೈವ್ ಹಾಕುವ ಮುಂಚೆ ಒಮ್ಮೆ, ಹಾಕಿದ ಮೇಲೆ ಒಮ್ಮೆ ಡಿಸ್ಕುಗಳ ಪಟ್ಟಿ ತೋರಿಸುವ ‘ಎಲ್‌ಎಸ್‌ಬಿಎಲ್‌ಕೆ’ ಕಮಾಂಡ್ ಓಡಿಸಲು ಹೇಳಿ. ಹೊಸದಾಗಿ ಕಂಡ ಹೆಸರು ಯಾವುದು, ಗಾತ್ರ ಹೊಂದುತ್ತದೆಯೇ (16 ಜಿಬಿ ಎಂದು ಕೊಂಡದ್ದು 14-15ರ ಆಸುಪಾಸು ತೋರಿಸುತ್ತದೆ) ಎಂದು ನೋಡಿಸಿ. ಕಮಾಂಡಿನಲ್ಲಿ ಗುರಿಯ ಜಾಗದಲ್ಲಿ ನಿಜವಾದ ಹೆಸರನ್ನು ಇಡಲೇಬೇಡಿ, ‘ನಿಮ್ಮ-ಡ್ರೈವ್’ ಎಂದಿಡಿ. ಹಾಗೆಯೇ ನಕಲು ಮಾಡಿ ಓಡಿಸಿದರೂ ಯಾರ ಡಿಸ್ಕೂ ಅಳಿಯುವುದಿಲ್ಲ.

ಪರೀಕ್ಷೆ ಮುಗಿದ ಲೇಖನದ ತಲೆಯಲ್ಲಿ ಯಾವ ಆವೃತ್ತಿಯಲ್ಲಿ, ಯಾವ ದಿನ ಪರೀಕ್ಷಿಸಿದ್ದು ಎಂಬ ಸಾಲು ಕಡ್ಡಾಯ. ಮೂರು ವರ್ಷದ ಮೇಲೆ ಬಂದವರಿಗೆ ಆ ಸಾಲೇ ಎಚ್ಚರಿಕೆ.

ಕರಡು ತಿದ್ದುವಾಗ ಕಾಗುಣಿತ ತಂತ್ರಾಂಶವನ್ನೇ ನೆಚ್ಚಬೇಡಿ. ವಿಭಕ್ತಿ, ಸಂಧಿ ಸೇರಿ ಬೆಳೆಯುವ ನಮ್ಮ ಪದಗಳು ಪದಪಟ್ಟಿಯಲ್ಲಿ ಇರುವುದಿಲ್ಲ, ಸರಿಯಾದದ್ದಕ್ಕೂ ಕೆಂಪು ಗೆರೆ ಬೀಳುತ್ತದೆ. ಗಟ್ಟಿಯಾಗಿ ಓದಿ ನೋಡುವುದೇ ಮೇಲು. ತಿದ್ದಿದ ಪ್ರತಿಯನ್ನು ಬರಹಗಾರರಿಗೆ ತೋರಿಸದೆ ಹೊರಡಿಸಬಾರದು.

ಹೊರಡಿಸುವ ದಿನ

ಹ್ಯೂಗೋದಲ್ಲಿ ಮುಂದಿನ ದಿನಾಂಕ ಹಾಕಿಟ್ಟರೆ ಲೇಖನ ತಾನಾಗಿ ಆ ದಿನ ಪ್ರಕಟವಾಗುತ್ತದೆ ಎಂದು ಎಲ್ಲರೂ ಮೊದಲು ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಸ್ಥಿರ ತಾಣವನ್ನು ಆ ಹೊತ್ತಿಗೆ ಯಾರಾದರೂ ಮತ್ತೆ ಕಟ್ಟಬೇಕು. ಅದಕ್ಕೆ ಕೆಲಸಗಳನ್ನು ತಾನಾಗಿ ಓಡಿಸುವ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ವೇಳಾಪಟ್ಟಿ ಇಡಬಹುದು, ಆದರೆ ಅಲ್ಲಿ ಬರೆದ ಸಮಯವನ್ನು ಸಾಮಾನ್ಯವಾಗಿ ಯುಟಿಸಿ (ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಎಂದೇ ತಿಳಿಯಲಾಗುತ್ತದೆ: ನಮ್ಮ ಬೆಳಗಿನ 6ಕ್ಕೆ ಬೇಕಾದರೆ ಅಲ್ಲಿ 0 ಗಂಟೆ 30 ನಿಮಿಷ. ಕೆಲವು ನಿಮಿಷ ತಡವಾಗುವುದೂ ಇದೆ. ಲೇಖನದ ದಿನಾಂಕದಲ್ಲಿ 5:30ರ ಸಮಯವಲಯ ನಮೂದಿಸದಿದ್ದರೆ, ಬೆಳಗಿನ 6 ಎಂದು ಬರೆದದ್ದನ್ನು ಹ್ಯೂಗೋ ಯುಟಿಸಿಯ 6 ಎಂದು ತಿಳಿದು ನಮ್ಮ 11:30ರವರೆಗೂ ಭವಿಷ್ಯದ ಲೇಖನವೆಂದು ಬದಿಗಿಡುತ್ತದೆ. ಇನ್ನೊಂದು: ಸಾರ್ವಜನಿಕ ಭಂಡಾರದಲ್ಲಿ 60 ದಿನ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಗಿಟ್‌ಹಬ್ ಈ ವೇಳಾಪಟ್ಟಿಯನ್ನೇ ನಿಲ್ಲಿಸುತ್ತದೆ. ಮಳೆಗಾಲಕ್ಕೆಂದು ಆರು ಲೇಖನ ಸಾಲಾಗಿ ಇಟ್ಟು ನಿಶ್ಚಿಂತೆಯಿಂದ ಇದ್ದವರ ಕೊನೆಯ ಎರಡು ಹೊರಬರದೇ ಇರುವುದು ಹೀಗೆ. ತಿಂಗಳಿಗೊಮ್ಮೆ ಯಾರಾದರೂ ಒಂದು ಸಣ್ಣ ತಿದ್ದುಪಡಿ ಏರಿಸಲಿ.

ಹಂಚುವಾಗ ಕಾಣುವ ಚಿತ್ರ 1200 ಬೈ 630 ಪಿಕ್ಸೆಲ್, 300 ಕೆಬಿಯೊಳಗೆ ಇರಲಿ. ಪ್ರಕಟವಾದ ಲೇಖನವನ್ನು ಹಳೆಯ ಆಂಡ್ರಾಯ್ಡ್ ಫೋನೊಂದರಲ್ಲಿ, ಮೊಬೈಲ್ ಡೇಟಾದಲ್ಲಿ ತೆರೆದು ನೋಡಿದ ಮೇಲೆಯೇ ಬಳಗಕ್ಕೆ ತಿಳಿಸಿ. ತಪ್ಪು ಸಿಕ್ಕರೆ ಸದ್ದಿಲ್ಲದೆ ತಿದ್ದಬೇಡಿ. ಏನು ತಪ್ಪಿತ್ತು, ಯಾವತ್ತು ತಿದ್ದಿದ್ದು ಎಂದು ಕೆಳಗೆ ಬರೆಯಿರಿ. ಆ ತಪ್ಪು ಕಮಾಂಡನ್ನು ಆಗಲೇ ಓಡಿಸಿದವರು ಇದ್ದಾರೆ.

ನೆಟ್‌ವರ್ಕ್ ಸಿಗದ ಮನೆಗಳಿಗೆ

ಮೂರು ತಿಂಗಳ ಸಂಚಿಕೆಯನ್ನು ಇಪಬ್ (ಇ-ಪುಸ್ತಕದ ಕಡತ) ಮಾಡಿ. ಮಾರ್ಕ್‌ಡೌನ್ ಕಡತಗಳಿಂದ ಪ್ಯಾನ್‌ಡಾಕ್ ಎಂಬ ಸಾಧನ ಅದನ್ನು ನಿಮಿಷದಲ್ಲಿ ಕಟ್ಟಿಕೊಡುತ್ತದೆ, ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿ ಓದಬಹುದು. ಪಿಡಿಎಫ್ ಬೇಕೆನ್ನುವವರಿಗೆ ಎ5 ಗಾತ್ರ, ಒಂದೇ ಅಂಕಣ. ಎ4ರ ಎರಡು ಅಂಕಣವನ್ನು ಫೋನಿನಲ್ಲಿ ಎಳೆದಾಡಿ ಓದುವುದು ಹಿಂಸೆ. ಪುಟ ಕಟ್ಟಲು ಸ್ಕ್ರೈಬಸ್ ಬಳಸುವುದಾದರೆ 2024ರಲ್ಲಿ ಬಂದ 1.6 ಅಥವಾ ಮುಂದಿನದನ್ನೇ ಹಾಕಿ, 1.4ರಲ್ಲಿ ಕನ್ನಡದ ಒತ್ತುಗಳು ಕೂಡುವುದಿಲ್ಲ. ಇಪಬ್, ಪಿಡಿಎಫ್ ಎರಡನ್ನೂ ಇಂಟರ್ನೆಟ್ ಆರ್ಕೈವ್ ಎಂಬ ಜಾಲದ ಗ್ರಂಥಾಲಯಕ್ಕೆ ಏರಿಸಿಡಿ.

ವರ್ಷಕ್ಕೊಮ್ಮೆ

ಅಂತಿಮ ವರ್ಷದ ವಿದ್ಯಾರ್ಥಿಗಳು ಮೇ-ಜೂನ್‌ನಲ್ಲಿ ಬೆಂಗಳೂರಿಗೆ ಹೊರಡುತ್ತಾರೆ, ಪಾಸ್‌ವರ್ಡುಗಳೂ ಅವರ ಜೊತೆ ಹೋಗುತ್ತವೆ. ಏಪ್ರಿಲ್‌ನಲ್ಲೇ ಒಂದು ದಿನ ಕೂತು ಡೊಮೈನ್, ಗಿಟ್ ಭಂಡಾರ, ಪತ್ರಿಕೆಯ ಇಮೇಲ್ ಮೂರರಲ್ಲೂ ಊರಿನಲ್ಲಿ ಉಳಿಯುವ ಇಬ್ಬರಿಗೆ ಪೂರ್ಣ ಅಧಿಕಾರ ಇದೆಯೇ ನೋಡಿ. ಡೊಮೈನ್ ನವೀಕರಣದ ಇಮೇಲ್ ಯಾರೊಬ್ಬರ ಕಾಲೇಜು ವಿಳಾಸಕ್ಕೂ ಹೋಗುತ್ತಿರಬಾರದು. ಆ ವಿಳಾಸ ಮುಚ್ಚಿದ ಮೇಲೆ ಎಚ್ಚರಿಕೆ ಯಾರಿಗೂ ತಲುಪುವುದಿಲ್ಲ. ಭಂಡಾರದ ಪೂರ್ತಿ ಪ್ರತಿಯನ್ನು ಇನ್ನೊಂದು ಸೇವೆಯಲ್ಲೂ ಒಂದು ಹಾರ್ಡ್‌ಡಿಸ್ಕ್‌ನಲ್ಲೂ ಇಟ್ಟು, ಅದೇ ದಿನ ಆ ಪ್ರತಿಯಿಂದ ತಾಣವನ್ನು ಬೇರೆ ಲ್ಯಾಪ್‌ಟಾಪಿನಲ್ಲಿ ಕಟ್ಟಿ ನೋಡಿ. ಹ್ಯೂಗೋದ ಯಾವ ಆವೃತ್ತಿಯಲ್ಲಿ ಕಟ್ಟಿತು ಎಂದು ಭಂಡಾರದ ರೀಡ್‌ಮೀ (ಓದಿ-ನೋಡಿ) ಕಡತದಲ್ಲಿ ಬರೆದಿಡಿ, ಥೀಮುಗಳು ಹೊಸ ಆವೃತ್ತಿಯಲ್ಲಿ ಮುರಿಯುವುದು ಸಾಮಾನ್ಯ.